ತೂಬಿನ ಕಲ್ಲಿಗೆ ಕರಡು ಇರಲಿಲ್ಲ

ಕ್ಯಾತನಹಳ್ಳಿಯ ಕೆರೆ ಏರಿ ಹತ್ತಿ ಉಳಿ, ಸುತ್ತಿಗೆ ಇಳಿಸಿದೆ. ಕಲ್ಲು ಸಿದ್ಧವಾಗಿ ನಿಂತಿತ್ತು, ಜನ ಸೇರಿದ್ದರು. ಕೆರೆ ನೀರು ಯಾರ ಗದ್ದೆಗೆ ಎಷ್ಟು ದಿನ ಎಂದು ಕೆತ್ತಬೇಕಾದ ಮಾತು ಮಾತ್ರ ಇರಲಿಲ್ಲ.

ಬರೆದುಕೊಡಬೇಕಿದ್ದ ಶಾನುಭೋಗರಿಗೆ ಹಿಂದಿನ ದಿನವೇ ಪಟ್ಟಣದಿಂದ ಕರೆ ಬಂದಿತ್ತಂತೆ. ಕಂಪನಿಯ ದಂಡು ಬಂದುಹೋದ ಮೇಲೆ ಶ್ರೀರಂಗಪಟ್ಟಣದ ಕಚೇರಿ ಯಾರನ್ನು ಯಾವಾಗ ಕರೆಸುತ್ತದೋ ಹೇಳುವಂತಿಲ್ಲ. ಕಡತವನ್ನೂ ಜೊತೆಗೇ ಒಯ್ದಿದ್ದರು.

ನಮ್ಮದು ನಾಗಮಂಗಲದ ಕಲ್ಲುಕೆಲಸದ ಮನೆ. ಅಪ್ಪ ಕಲಿಸಿದ ಪಾಠ ಒಂದೇ. ಮೊದಲು ಪೂರ್ತಿ ಬರಹ ಕೈಗೆ ಬರಬೇಕು, ಸಾಲು ಎಣಿಸಬೇಕು, ಅಷ್ಟನ್ನೂ ಕೆಂಪು ಕಾವಿಯಲ್ಲಿ ಕಲ್ಲಿನ ಮೇಲೆ ಬರೆದುಕೊಳ್ಳಬೇಕು, ಆಮೇಲೆ ಉಳಿ. ಕಲ್ಲಿನಲ್ಲಿ ಅಳಿಸುವುದಕ್ಕಾಗುವುದಿಲ್ಲವಲ್ಲ...

ಹಿಂತಿರುಗಿ ಹೊರಟೆ. ಊರ ಗೌಡರು ಅಡ್ಡ ನಿಂತರು.

"ನಾಳೀಕೆ ತೂಬು ಎತ್ತಬೇಕು ಕಣಪ್ಪಾ ಆಚಾರಿ. ಕಲ್ಲಿಲ್ದೆ ನೀರು ಬುಟ್ರೆ ಓದ್ ವರ್ಸದಂಗೇ ಆಯ್ತದೆ."

ಹೋದ ವರ್ಷ ಏನಾಗಿತ್ತೆಂಬುದು ಎದುರಿಗೇ ಕಾಣುತ್ತಿತ್ತು. ಕೆಳಗದ್ದೆಯವರ ಪರವಾಗಿ ಬಂದಿದ್ದ ಬೋರಪ್ಪನ ಹಣೆಯ ಮೇಲೆ ಗುದ್ದಲಿ ಏಟಿನ ಗುರುತು. ಹೊಡೆದವರು ಮೇಲ್ಗದ್ದೆಯವರು, ಗೌಡರ ಮನೆಯವರೇ.

ಕುಳಿತುಬಿಟ್ಟೆ.

ಬಳಪದ ಕಲ್ಲು, ಉಳಿಗೆ ಮೆತ್ತಗಿತ್ತು. ಮೇಲ್ಗಡೆ ಸೂರ್ಯಚಂದ್ರರನ್ನು ಕೆತ್ತಿದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಆಮೇಲೆ ಮೊದಲನೇ ಸಾಲು ಏನು ಎಂದು ಕೇಳಿದೆ.

ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು. ಉಳಿ ಕೆಳಗಿಟ್ಟೆ. ಸುಮ್ಮನಾದರು.

"ಬರ್ಕೊ," ಎಂದರು ಗೌಡರು. "ಮೇಲ್ಗದ್ದೆಗೆ ಆರು ದಿನ, ಕೆಳಗದ್ದೆಗೆ ಎರಡು."

ಉಳಿಯನ್ನು ಕಲ್ಲಿಗೆ ಆನಿಸಿ, ಸುತ್ತಿಗೆ ಎತ್ತಿ, ಅವರ ಮುಖ ನೋಡಿದೆ.

"ಒಂದ್ಸಲ ಕೆತ್ತುದ್ರೆ ನಿಮ್ ಮೊಮ್ಮಕ್ಳೂ ಇದ್ನೇ ಓದ್ಬೇಕು ಗೌಡ್ರೇ. ಕೆತ್ಲಾ?"

ಗೌಡರು ಬೋರಪ್ಪನ ಹಣೆ ನೋಡುತ್ತಾರೆ. ಏರಿಯ ಕೆಳಗೆ ಹಬ್ಬಿದ ಗದ್ದೆ ನೋಡುತ್ತಾರೆ. ನನ್ನ ಕೈ ಸೋಲುತ್ತಿದೆ, ಆದರೂ ಸುತ್ತಿಗೆ ಇಳಿಸುವುದಿಲ್ಲ.

"ತಡಿ... ಇಬ್ರಿಗೂ ನಾಕ್ನಾಕು ದಿನ ಮಾಡು."

ಕಡತದಲ್ಲಿ ಬರೆಯುವಾಗ ಜನ ಬಾಯಿಗೆ ಬಂದಿದ್ದು ಹೇಳುತ್ತಾರೆ, ಹೇಗೂ ತಿದ್ದಬಹುದೆಂಬ ಧೈರ್ಯ. ಎತ್ತಿದ ಸುತ್ತಿಗೆಯ ಮುಂದೆ ಅಳೆದು ಮಾತಾಡುತ್ತಾರೆ. ಅದು ನನಗೆ ಗೊತ್ತಾಗಿದ್ದು ಆವತ್ತು.

ಅಲ್ಲಿಂದ ಮುಂದೆ ನನಗೆ ಹೆದರಿಕೆ ಇರಲಿಲ್ಲ. ಒಂದು ಸಾಲು ಕೇಳುವುದು, ಕೆತ್ತುವುದು. ಕೆತ್ತಿದ ಸಾಲೇ ಮುಂದಿನದನ್ನು ಎಳೆದು ತರುತ್ತಿತ್ತು.

ನಾಲ್ಕು ದಿನ ಎಂದರಲ್ಲ, ದಿನ ಶುರುವಾಗುವುದು ಯಾವಾಗ ಎಂದೆ. ಹೊತ್ತು ಹುಟ್ಟಿದಾಗ ಎಂದರು. ತೂಬು ಎತ್ತುವವರು ಯಾರು ಎಂದೆ. ನೀರುಗಂಟಿ ಒಬ್ಬನೇ, ಬೇರೆ ಯಾರೂ ಮುಟ್ಟಕೂಡದು ಎಂದರು. ಶಾನುಭೋಗರ ಬರಹದಲ್ಲಿ ಇವೆಲ್ಲ ಇರುತ್ತಿದ್ದವೋ ಇಲ್ಲವೋ, ಯಾರಿಗೆ ಗೊತ್ತು.

ಹೊತ್ತು ಇಳಿಯತೊಡಗಿತ್ತು. ಕಲ್ಲಿನಲ್ಲಿ ಒಂದೇ ಒಂದು ಸಾಲಿನ ಜಾಗ ಉಳಿದಿತ್ತು. ಅದು ಶಾಪಕ್ಕೆ. ಇದಕ್ಕೆ ತಪ್ಪಿದವರು ಗೋವು ಕೊಂದ ಪಾಪಕ್ಕೆ ಹೋಗುತ್ತಾರೆ ಅಂತ ಕೊನೆಯಲ್ಲಿ ಹಾಕದೆ ನಮ್ಮ ಕಡೆ ಇಂಥ ಕಲ್ಲು ಮುಗಿಯುವುದಿಲ್ಲ.

ಅಷ್ಟರಲ್ಲಿ ಹಿಂದೆ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಸಣ್ಣಮ್ಮ ಅಂತ. ದಂಡಿಗೆ ಹೋದ ಗಂಡ ವಾಪಸ್ಸು ಬಂದಿಲ್ಲ. ಕಾಲುವೆ ಮುಗಿಯುವ ಕಡೆ ಇರುವ ಗದ್ದೆಯನ್ನು ಒಬ್ಬಳೇ ಮಾಡುತ್ತಾಳೆ.

ಇಲ್ಲಿಯವರೆಗೆ ಕೆತ್ತಿದ್ದನ್ನು ಓದಿ ಹೇಳು ಎಂದಳು. ಓದಿದೆ.

"ಮೇಲ್ಗದ್ದೆ ಬಂತು, ಕೆಳಗದ್ದೆ ಬಂತು. ಕೊನೇಗದ್ದೆ ಎಲ್ಲಪ್ಪಾ? ಅದು ಯಾರ್ ಕಣ್ಗೂ ಕಾಣ್ನಿಲ್ವಾ?"

ಎರಡು ಕಡೆಯವರ ಜಗಳದಲ್ಲಿ ಮೂರನೆಯದೊಂದು ಇದೆಯೆಂದು ಯಾರಿಗೂ ನೆನಪಾಗಿರಲಿಲ್ಲ. ಬೆಳಗಿನಿಂದ ಅಷ್ಟು ಪ್ರಶ್ನೆ ಕೇಳಿದ ನನಗೂ.

"ಎಂಟು ದಿನ ಕಳುದ್ಮೇಲೆ ಒಂಬತ್ತನೇ ದಿನ ಅವ್ಳಿಗೆ ಬುಡಾನ," ಎಂದ ಬೋರಪ್ಪ.

ಗೌಡರು ಒಪ್ಪಿದರು. ಆದರೆ ಜಾಗ? ಶಾಪ, ಅವಳ ನೀರು ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಯಾವುದನ್ನೂ ಓದಲಾಗುವುದಿಲ್ಲ ಎಂದೆ.

"ಶಾಪ ಇಲ್ದಿದ್ರೆ ಯಾವನ್ಲಾ ಎದರ್ತಾನೆ? ಅವ್ಳ ನೀರು ಬಾಯ್ಮಾತಲ್ಲೇ ಇರ್ಲಿ ಬುಡು," ಎಂದರು ಗೌಡರು.

ಸಣ್ಣಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬಾಯ್ಮಾತಿಂದ ಪೈರು ನೆನ್ಯಾಕಿಲ್ಲ ಗೌಡ್ರೇ. ನೀರು ಕಲ್ಲಲ್ಲಿರ್ಲಿ. ಶಾಪ ಬೇಕಾದ್ರೆ ನಾನೇ ಆಕ್ತೀನಿ, ನನ್ ಬಾಯಿ ಗಟ್ಟಿ ಐತೆ!"

ಮೊದಲು ನಕ್ಕವನು ಬೋರಪ್ಪ. ಆಮೇಲೆ ಇಡೀ ಏರಿಯೇ ನಕ್ಕಿತು. ಗೌಡರು ನಗಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿ, "ಕೆತ್ತು," ಅಂದರು.

ಒಂಬತ್ತನೆಯ ದಿನ ಕೊನೆಗದ್ದೆಗೆ. ಆ ಸಾಲನ್ನು ಉಳಿದ ಸಾಲುಗಳಿಗಿಂತ ಆಳವಾಗಿ ಕೊರೆದೆ.

ಊರಿಗೆ ಬಂದು ಹೇಳಿದರೆ ಅಪ್ಪ ಕೆಂಡವಾದರು. "ಶಾಪ ಇಲ್ದಿರೋ ಕಲ್ಲು ಕೆತ್ಬುಟ್ಟು ಬಂದ್ಯೇನ್ಲಾ?" ಎಂದು ಬೈದು ವಾರಗಟ್ಟಲೆ ಮಾತು ಬಿಟ್ಟರು. ನಾನು ವಾದ ಮಾಡಲಿಲ್ಲ. ತಪ್ಪು ಮಾಡಿದ್ದೇನೆ ಅನ್ನಿಸಲೂ ಇಲ್ಲ.

ಸುಗ್ಗಿಯ ಹೊತ್ತಿಗೆ ಆ ದಾರಿಯಲ್ಲಿ ಹೋಗಬೇಕಾಗಿ ಬಂತು. ಕೊನೆಗದ್ದೆಯಲ್ಲಿ ಕುಯ್ಲು ನಡೆದಿತ್ತು, ಬೋರಪ್ಪನ ಮನೆಯವರೂ ಕುಡುಗೋಲು ಹಿಡಿದು ಇಳಿದಿದ್ದರು. ಆ ವರ್ಷ ನೀರಿಗಾಗಿ ಯಾರೂ ಯಾರ ಮೇಲೂ ಗುದ್ದಲಿ ಎತ್ತಲಿಲ್ಲವಂತೆ.

ಈಗಲೂ ಕಾವಿ ಒಯ್ಯುತ್ತೇನೆ, ಸಾಲು ಡೊಂಕಾಗದಂತೆ ಗೆರೆ ಎಳೆಯುವುದಕ್ಕೆ ಅಷ್ಟೇ. ಏನು ಕೆತ್ತಬೇಕೆಂಬುದು ಕಲ್ಲಿನ ಮುಂದೆ, ಜನರ ನಡುವೆ ತೀರ್ಮಾನವಾಗಲಿ ಎನ್ನುತ್ತೇನೆ.

ಕೊನೆ ಏನೆಂದು ಗೊತ್ತಿಲ್ಲದೆ ಶುರು ಮಾಡಿ, ಚೆನ್ನಾಗಿ ಮುಗಿಸಿದ ಕೆಲಸವೊಂದು ನಿಮ್ಮ ಕೈಯಲ್ಲೂ ಆಗಿರಬೇಕಲ್ಲ... ಯಾವುದು, ಹೇಳಿ?