ಹೆಗಲೆತ್ತರದ ಕೆಮ್ಮಣ್ಣು

ನಾನು ಓದು ಬಿಟ್ಟದ್ದು ೧೯೯೬ರಲ್ಲಿ, ಏಳನೇ ತರಗತಿಯ ನಡುವೆ. ಕವಿತಾಳದ ಶಾಲೆಯಿಂದ ನೇರ ಸುಣ್ಣದ ಬಕೆಟ್ಟಿಗೆ ಕೈ ಹಾಕಿದೆ. ಅವತ್ತಿನಿಂದ ಗೋಡೆಗೆ ಬಣ್ಣ ಹಚ್ಚುವುದೇ ಕಸುಬು. ನಾನು ಎಳೆದ ಗೆರೆ ಸೊಟ್ಟ ಎಂದು ರಾಯಚೂರಿನಲ್ಲಿ ಇದುವರೆಗೆ ಯಾರೂ ಅಂದಿಲ್ಲ. ಈಗೆಲ್ಲ ಡಬ್ಬಿ ಬಣ್ಣದ ಕಾಲ. ಆದರೆ ಹೋದ ತಿಂಗಳು ಅಂಗಡಿ ಸೋರಿ, ಮೂಲೆಯಲ್ಲಿದ್ದ ಹಳೆಯ ಚೀಲದ ಕೆಮ್ಮಣ್ಣು ನೆನೆದು ವಾಸನೆ ಎದ್ದಿತು ನೋಡಿ... ಕೃಷ್ಣಾ ದಂಡೆಯ ಆಯಿ ಬಂದು ಎದುರಿಗೆ ನಿಂತಂತಾಯಿತು.

೨೦೦೯ರಲ್ಲಿ ಹೊಳೆ ಊರೊಳಗೆ ನುಗ್ಗಿ ಇಳಿದ ಮೇಲೆ, ಸುಣ್ಣ ಹಚ್ಚಲು ನನ್ನನ್ನು ದೇವದುರ್ಗ ತಾಲೂಕಿನ ಆ ಊರಿಗೆ ಕರೆದಿದ್ದರು. ದೀಪಾವಳಿ ಹತ್ತಿರ ಬಂದಿತ್ತು. ಒಂದೊಂದು ಗೋಡೆಯ ಮೇಲೂ ರಾಡಿಯ ಗೆರೆ. ಹಬ್ಬದೊಳಗೆ ಅದು ಅಳಿಸಿ ಹೋಗಬೇಕು, ಎಲ್ಲರದೂ ಅದೇ ಅವಸರ. ನಮ್ಮ ಕಡೆ ಗೋಡೆಗೆ ಸುಣ್ಣ, ಬುಡಕ್ಕೆ ಗೇಣಷ್ಟು ಕೆಮ್ಮಣ್ಣು, ಇಷ್ಟೇ ಪದ್ಧತಿ. ಕುರಿ ಸಾಕುವ ಮನೆತನದ ಅಜ್ಜಿ, ಊರೆಲ್ಲ ಕರೆಯುವ ಆಯಿ, ಮಾತ್ರ ತನ್ನ ಕಲ್ಲಿನ ಮನೆಯ ಪಡಸಾಲೆಯಲ್ಲಿ ನಿಂತು ಹೆಗಲು ಮುಟ್ಟಿ ತೋರಿಸಿದಳು.

"ಇಲ್ಲಿ ತನಕ ಕೆಮ್ಮಣ್ಣು ಹಚ್ಚು."

"ಯವ್ವಾ, ಗ್ವಾಡಿ ಸೀರಿ ಉಟ್ಟಂಗ ಕಾಣ್ತದ. ಮಂದಿ ನಗ್ತಾರ."

"ನಗಲಿ ಬಿಡಲೇ. ಹೊಳಿ ತಾಯಿ ಒಳಗ ಬಂದು ಹೋಗ್ಯಾಳ. ಆಕಿ ಮುಟ್ಟಿದ್ದನ್ನ ಬೆಳ್ಳಗ ಮಾಡಿದ್ರ, ಜ್ವಾಳದ ಚೀಲ ಎಷ್ಟು ಮ್ಯಾಲ ಇಡಬೇಕಂತ ನಾಳಿ ನನ್ನ ಸೊಸಿಗೆ ಯಾರು ಹೇಳ್ತಾರ? ನೀ ಬಂದು ಹೇಳ್ತೀ?"

ನಕ್ಕೆ. ಆದರೂ ಕೆಲಸ ಕೆಲಸವೇ. ದಾರವನ್ನು ನೀಲಿಯಲ್ಲಿ ಅದ್ದಿ, ಒಂದು ತುದಿ ಆಯಿಯ ಕೈಗೆ ಕೊಟ್ಟೆ. ರಾಡಿ ನಿಂತ ಗುರುತಿಗೆ ಸರಿಯಾಗಿ ಬಿಗಿ ಹಿಡಿದು, ಎಳೆದು ಬಿಟ್ಟೆ. ಟಪ್ ಎಂದು ಗೋಡೆಯುದ್ದಕ್ಕೂ ನೀಲಿ ಗೆರೆ ಬಿತ್ತು. ಅದರ ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣು. ಆಯಿ ಕೈಗೆ ಹತ್ತಿದ ನೀಲಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗೋಡೆಯನ್ನೇ ನೋಡುತ್ತಿದ್ದಳು...

ಮುಂದೆ ಎರಡು ದೀಪಾವಳಿಗೆ ಹೋಗಿ ಹಚ್ಚಿ ಬಂದೆ. ಆಮೇಲೆ ಪಟ್ಟಣದ ಕೆಲಸ ಹೆಚ್ಚಿತು. ಹಬ್ಬ ಬಂದಾಗೆಲ್ಲ ಫೋನಿನಲ್ಲಿ ಆಯಿಯ ಬೈಗುಳ ಬರುತ್ತಿತ್ತು. ಯಾವಾಗಲೋ ಅದೂ ನಿಂತಿತು.

ಅಂಗಡಿ ಸೋರಿದ ವಾರವೇ ಕಾಲೇಜಿನ ನಾಲ್ಕು ಮಂದಿ ಬಣ್ಣ ಕೊಳ್ಳಲು ಬಂದರು. ೨೦೦೯ರ ನೆರೆ ಎಲ್ಲೆಲ್ಲಿ ಎಷ್ಟು ಏರಿತ್ತು ಎಂದು ಊರೂರು ತಿರುಗಿ ದಾಖಲೆ ಮಾಡುತ್ತಿದ್ದರು. ಅವರ ಮುಂದಾಳು ಹುಡುಗಿಯ ಮುಖ ಬಾಡಿತ್ತು.

"ಮಾನ್ವಿ ಕಡಿ ತುಂಗಭದ್ರಾ ದಂಡಿ ಪೂರಾ ತಿರುಗಿದ್ವಿ ಅಣ್ಣಾ. ಒಬ್ರು ಮೊಣಕಾಲ ಅಂತಾರ, ಒಬ್ರು ಕುತ್ತಿಗಿ ಅಂತಾರ. ಗ್ವಾಡಿ ನೋಡೋಣಂದ್ರ ದೀಪಾವಳಿ ಸುಣ್ಣ ಎಲ್ಲಾ ನುಂಗ್ಯಾದ."

ದೇವದುರ್ಗ ಕಡೆಯ ಒಂದು ಊರಿನಲ್ಲಿ ಹೊಸ ಅಂಗನವಾಡಿಗೆ ಹಳೆ ಬಾವಿಯ ಹತ್ತಿರ ಜಾಗ ಗುರುತು ಮಾಡಿದ್ದಾರಂತೆ. ಅಲ್ಲಿಗೆ ನೀರು ಬಂದಿತ್ತೋ ಇಲ್ಲವೋ ಎನ್ನಲು ಗಟ್ಟಿ ಗುರುತಿಲ್ಲವಂತೆ. ಊರಿನ ಹೆಸರು ಕೇಳಿದೆ. ಆಯಿಯ ಊರು! ಚಿಲ್ಲರೆ ಕೊಡುವುದನ್ನೂ ಬಿಟ್ಟು ಶಟರ್ ಎಳೆದೆ.

ಮಸರಕಲ್ ದಾಟುವ ತನಕ ಜೀಪಿನಲ್ಲಿ ನನ್ನದೇ ಬಾಯಿ. ಆಯಿ ಹೇಗೆ ಬೈಯುತ್ತಾಳೆಂದು ಅವಳದೇ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮನೆಯ ಮುಂದೆ ಇಳಿದರೆ ಹೊರಗೋಡೆಗೆ ಹಸಿರು ಬಣ್ಣ. ಒಳಗಿನ ಕೆಂಪೂ ಹೋಯಿತೇನೋ ಅಂದುಕೊಂಡೆ. ಬಾಗಿಲಿಗೆ ಸೊಸೆ ಬಂದಳು.

"ಅತ್ತಿ ಹೋಗಿ ಮೂರು ವರ್ಷಾತು ಅಣ್ಣಾ. ತಿಳಿಸ್ಬೇಕಂದ್ರ ನಿಮ್ಮ ನಂಬರ ಆಕಿ ಫೋನಿನ್ಯಾಗ ಇತ್ತು, ಅದೂ ಕೆಟ್ಟಿತ್ತು... ಒಳಗ ಬರ್ರಿ."

ಒಳಗೆ ಹೋದೆ. ಪಡಸಾಲೆಯ ಗೋಡೆ ಹೆಗಲ ತನಕ ಕೆಂಪು! ಜೋಳದ ಚೀಲಗಳು ಅದಕ್ಕೂ ಮೇಲಿನ ಅಟ್ಟದಲ್ಲಿ.

"ಪ್ರತಿ ವರ್ಷ ನಾನೇ ಹಚ್ತೀನ್ರೀ," ಎಂದಳು ಸೊಸೆ.

ಹುಡುಗಿ ಟೇಪು ಹಿಡಿದವಳು ನಿಂತೇಬಿಟ್ಟಳು. "ಕೈಲೆ ಹಚ್ಚಿದ್ರ ಅಂಚು ಸ್ವಲ್ಪ ಸ್ವಲ್ಪ ಮ್ಯಾಲ ಸರಿದಿರ್ತದಲ್ಲಕ್ಕಾ?"

ಸೊಸೆ ನಕ್ಕಳು. "ಅತ್ತಿನೂ ಅದಕ್ಕ ಬೈತಿದ್ಲು. 'ಹೊಳಿ ತಾಯಿ ಹೆಗಲ ತನಕ ಬಂದಾಳ, ನೀ ಆಕಿನ್ನ ನೆತ್ತಿ ಮ್ಯಾಲ ಹತ್ತಿಸಾಕತ್ತೀಯಲ್ಲಬೇ' ಅಂತ."

ಹುಡುಗಿ ಹೇಳಿದ್ದು ನಿಜ, ಆ ಅಂಚನ್ನು ನಂಬುವಂತಿರಲಿಲ್ಲ. ಆಗ ನೆನಪಾಯಿತು, ಟಪ್ ಎಂದ ಆ ಸದ್ದು. ಸೊಸೆಯನ್ನು ಕೇಳಿ, ಬಾಗಿಲ ಮೂಲೆಯಲ್ಲಿ ಚಾಕುವಿನಿಂದ ಮೆಲ್ಲಗೆ ಕೆರೆದೆ. ಕೆಂಪು ಹಕ್ಕಳೆ ಎದ್ದಿತು. ಅದರಡಿ ಮತ್ತೆ ಕೆಂಪು. ಇನ್ನೊಂದು ಪದರ... ನೀಲಿ!

"ಸಿಕ್ತು!" ಎಂದು ನಾನು ಕೂಗಿದ್ದಕ್ಕೆ ಹಿತ್ತಲಿನ ಕುರಿಗಳೂ ಒದರಿದವು. ಸೊಸೆಯ ಕೆಂಪು ನಾಲ್ಕು ಬೆರಳು ಮೇಲೇರಿತ್ತು. ನೀಲಿ ಮಾತ್ರ ನಾನು, ಆಯಿ ಹಿಡಿದಲ್ಲೇ ನಿಂತಿತ್ತು.

ಮಟ್ಟ ನೋಡುವ ಮೂರು ಕಾಲಿನ ದುರ್ಬೀನು ಬಾಗಿಲಲ್ಲಿಟ್ಟು, ನೀಲಿ ಗೆರೆಯ ಎತ್ತರವನ್ನು ಬಾವಿಯ ಜಾಗಕ್ಕೆ ಹೋಲಿಸಿದರು. ಅಲ್ಲಿ ನೀರು ದೊಡ್ಡವರ ಎದೆಯ ತನಕ ನಿಂತಿತ್ತು. ಸೊಸೆ ಸೊಂಟದ ಮೇಲಿದ್ದ ಆಯಿಯ ಮೊಮ್ಮಗಳನ್ನು ಬಿಗಿ ಹಿಡಿದುಕೊಂಡಳು. "ಈಕಿನೂ ಅಲ್ಲೇ ಕೂಡಾಕಿದ್ಲಲ್ಲರೀ," ಎಂದಳು. ಆ ದಾಖಲೆ ಊರ ಹಿರಿಯರ ಮುಂದಿಟ್ಟ ಮೇಲೆ ಅಂಗನವಾಡಿಯನ್ನು ದಿಬ್ಬದ ಮೇಲೆ ಕಟ್ಟುವುದೆಂದಾಯಿತು. ಗೋಡೆಗೆ ಬಣ್ಣ ನನ್ನದೇ ಎಂದು ಹೇಳಿ ಬಂದಿದ್ದೇನೆ. ಬುಡದ ಕೆಮ್ಮಣ್ಣು ಅಲ್ಲಿ ಗೇಣಷ್ಟಿದ್ದರೆ ಸಾಕು.

ಈಗ ನನ್ನ ಹತ್ತಿರ ಒಂದು ಅಂಗಡಿ ಇದೆ. ಎರಡು ಏಣಿ, ಕೈಕೆಳಗೆ ಮೂವರು ಕೆಲಸಗಾರರು, ನೆನೆದ ಒಂದು ಚೀಲ ಕೆಮ್ಮಣ್ಣು, ನೀಲಿ ಹತ್ತಿದ ಒಂದು ಉಂಡೆ ದಾರ. ದಾರದ ಆ ತುದಿ ಹಿಡಿಯಲು ಆಯಿ ಇಲ್ಲ.