ಜಗ್ಗದೆ ಕೊಟ್ಟ ಹಗ್ಗ

ಮುದ್ದೇಬಿಹಾಳದ ಪೇಟೆಯಲ್ಲಿ ನಮ್ಮ ಮಾವನವರದು ಮೇಣಬತ್ತಿ ಅಂಗಡಿ. ಹೆಸರಿಗಷ್ಟೇ ಮೇಣಬತ್ತಿ, ಹೆಚ್ಚು ಮಾರುತ್ತಿದ್ದದ್ದು ಹಗ್ಗ, ಡಾಂಬರು, ಕಂದೀಲಿನ ಗಾಜು. ಅವರ ಅಪ್ಪ ಮೇಣ ಕಾಯಿಸಿ ಬತ್ತಿ ಎರೆಯುತ್ತಿದ್ದರಂತೆ. ಬತ್ತಿಗೆಂದು ಬಂದ ಕೃಷ್ಣೆಯ ಅಂಬಿಗರು ಹಗ್ಗ ಕೇಳಿದರು, ಆಮೇಲೆ ಹರಿಗೋಲಿನ ತಳಕ್ಕೆ ಬಳಿಯಲು ಡಾಂಬರು ಕೇಳಿದರು.

"ಹೊಳಿ ದಾಟಾವಗ ಹಿಡಿಯಾಕ ಹಗ್ಗ ಬೇಕು, ನೋಡಾಕ ಬೆಳಕ ಬೇಕು. ಎರಡಕ್ಕ ಎರಡ ಅಂಗಡಿ ಯಾಕ ಅಡ್ಡಾಡಬೇಕು?" ಎನ್ನುತ್ತಿದ್ದರು ಮಾವ.

ಅಂಗಡಿಗೊಂದು ಕಟ್ಟಳೆ ಇತ್ತು. ಕತ್ತರಿಸಿದ ಹಗ್ಗದ ಒಂದು ತುದಿ ಕೊಳ್ಳುವವನ ಕೈಯಲ್ಲಿ, ಇನ್ನೊಂದು ಮಾವನ ಕೈಯಲ್ಲಿ. ಅಂಗೈ ಉರಿಯುವವರೆಗೆ ಜಗ್ಗಿ ನೋಡಿಯೇ ಕೊಡುವುದು.

ಎಪ್ಪತ್ತರ ದಶಕ; ನಾನು ಆ ಮನೆಗೆ ಸೊಸೆಯಾಗಿ ಬಂದ ವರ್ಷ. ಗಂಡ ಸಿಂದಗಿಯಲ್ಲಿ ಮಾಸ್ತರರು, ಶನಿವಾರಕ್ಕೊಮ್ಮೆ ಬರುತ್ತಿದ್ದರು. ಒಂದು ಮಳೆಗಾಲದ ಮಧ್ಯಾಹ್ನ ಮಾವ ಮೇಣ ತರಲು ಬಾಗೇವಾಡಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ, ತಲೆತುಂಬ ಸೆರಗು. ಹಳೆಯ ಗಿರಾಕಿ ಅಂಬಿಗನೊಬ್ಬ ಬಂದು ಹಗ್ಗ ಕತ್ತರಿಸಿಕೊಂಡು, ತುದಿ ಮುಂದೆ ಚಾಚಿದ.

"ಹಿಡಿಯವಾ ತಂಗಿ, ಜಗ್ಗೂಣು."

ಎದುರಿಗೆ ಇಡೀ ಪೇಟೆ. ಹೊಸ ಸೊಸೆ ಪರಗಂಡಸಿನ ಜೊತೆ ಹಗ್ಗ ಜಗ್ಗಿದಳೆಂದು ಅತ್ತೆಯ ಕಿವಿಗೆ ಮುಟ್ಟಲು ಎಷ್ಟು ಹೊತ್ತು?

"ಗಟ್ಟಿ ಐತ್ರಿ ಅಣ್ಣಾರ, ಒಯ್ಯಿರಿ," ಎಂದೆ. ಅವನು ನಕ್ಕು, ಹೆಗಲಿಗೆ ಹಾಕಿಕೊಂಡು ಹೋದ.

ಮೂರನೆಯ ದಿನ ಹೊಳೆ ಏರಿತು. ದಂಡೆಗೆ ಕಟ್ಟಿದ್ದ ಆ ಹಗ್ಗ ಹರಿದು, ಹರಿಗೋಲಿನ ಜೊತೆ ಅವನೂ ಹೋದ.

ಮಾವನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಅದೇ ಸುರುಳಿಯಲ್ಲಿ ಉಳಿದ ಹಗ್ಗ ತಂದು, ಒಂದು ತುದಿ ನನ್ನ ಕೈಗಿಟ್ಟರು. ಇಬ್ಬರೂ ಜಗ್ಗಿದೆವು. ಹರಿಯಲಿಲ್ಲ.

"ಹೊಳಿ ಮುಂದ ಯಾವ ಹಗ್ಗ ನಿಂದರತೈತಿ, ಬಿಡವಾ," ಎಂದರು.

ಹರಿದಿದ್ದರೇ ಚೆನ್ನಾಗಿತ್ತು. ತಪ್ಪು ನನ್ನದೆಂದು ಗಟ್ಟಿಯಾಗಿ ಅತ್ತುಬಿಡುತ್ತಿದ್ದೆ. ಅವನು ಒಯ್ದ ತುಂಡು ಹೇಗಿತ್ತೋ ಇಂದಿಗೂ ಗೊತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂದರೆ ಯಾರಿಗೆ ಬೇಕು?

ಎರಡು ತಿಂಗಳ ಮೇಲೆ ಅವನ ಹೆಂಡತಿ ಬಂದಳು. ಇನ್ನು ಮೈದುನ ಹರಿಗೋಲು ಹಾಕುತ್ತಾನೆ, ಹಗ್ಗ ಬೇಕೆಂದಳು. ಮಾವ ಊಟಕ್ಕೆ ಹೋಗಿದ್ದರು. ನಾನೇ ಅಳೆದು ಕತ್ತರಿಸಿದೆ. ಅವಳು ಒಂದು ತುದಿ ಹಿಡಿದು ನಿಂತಳು.

"ಜಗ್ಗವಾ. ನಿಮ್ಮ ಅಂಗಡ್ಯಾಗ ಜಗ್ಗಲಾರದ ಕೊಡೂದಿಲ್ಲಂತ ನಮ್ಮ ಮನಿಯವರು ಹೇಳತಿದ್ರು. ಅದಕ್ಕ ಇಲ್ಲಿಗೇ ಬಂದೇನಿ."

ಜಗ್ಗಿದೆ. ತಲೆಯ ಸೆರಗು ಜಾರಿತು, ಪೇಟೆಯೆಲ್ಲ ನೋಡಿತು. ಅಂಗೈ ಸುಲಿಯುವವರೆಗೂ ಜಗ್ಗಿದೆ. ಅವಳಿಗೆ ಹೇಳಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ.