ಹದಿನೈದನೆಯ ತಾರೀಖಿನ ಸಾಲು

ಕಂಪ್ಯೂಟರ್ ರಿಪೇರಿಯ ಅಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಗಂಡ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲೇ ಕೂತು, ಕೆಟ್ಟ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವಳು. ಅಂಗಡಿಗೆ ಬೋರ್ಡು ಇರಲಿಲ್ಲ. ಅವಳು ರಿಪೇರಿ ಮಾಡಿದ ಯಾವ ಕಂಪ್ಯೂಟರನ್ನು ಆನ್ ಮಾಡಿದರೂ ಪರದೆಯ ಮೇಲೆ ಮೊದಲು ಬರುತ್ತಿದ್ದುದು, 'ನಮಸ್ಕಾರ. ಕೈಕೊಟ್ಟರೆ ಅಕ್ಕನನ್ನು ಕರೆಯಿರಿ' ಎಂಬ ಸಾಲು, ಕೆಳಗೆ ಅವಳ ನಂಬರು. ಆ ಸಾಲು ಹೋದರೆ ಗಿರಾಕಿ ಹೋದಂತೆ.

ಮೈದುನನಿಗೆ ಕೆಲಸ ಕಲಿಸಿದವಳೂ ಅವಳೇ. ಕೈ ಚುರುಕು, ತಾಳ್ಮೆ ಮಾತ್ರ ಸಾಸಿವೆಯಷ್ಟೂ ಇಲ್ಲ. "ಕೊನೇತನಕ ಓದು, ಆಮೇಲೆ ಒತ್ತು" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಮೂರು ವರ್ಷ ಕಲಿತು ಅವನು ಎದುರುಗಡೆಯೇ ಅಂಗಡಿ ತೆರೆದ. ಅದನ್ನೂ ಅವಳು ಸಹಿಸಿದಳು. ಆದರೆ ಅವನು ಅವಳ ಗಿರಾಕಿಗಳ ಮನೆಗೆ ಹೋಗಿ, "ವೈರಸ್ ಇದ್ಯಾ ನೋಡ್ತೀನಿ" ಎಂದು ಕೂತು, ಅವಳ ನಂಬರು ಅಳಿಸಿ ತನ್ನದನ್ನು ಕೂರಿಸತೊಡಗಿದ. ಸಾಲದ್ದಕ್ಕೆ, "ಅತ್ತಿಗೆ ಬರೀ ಧೂಳು ಒರೆಸ್ತಿದ್ರು, ರಿಪೇರಿಯೆಲ್ಲ ನಂದೇ" ಎಂದ. ಔಷಧಿ ಅಂಗಡಿಯವಳು ಬಂದು ಈ ಮಾತು ಹೇಳಿದಾಗ ಅಕ್ಕನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಗಕ್ಕನೆ ನಿಂತಿತು. ಉಂಡ ಮನೆಯ ಜಂತೆ ಎಣಿಸಿದವನನ್ನು ಸುಮ್ಮನೆ ಬಿಡುವವಳಲ್ಲ ಅವಳು.

ಔಷಧಿ ಅಂಗಡಿಯ ಕಂಪ್ಯೂಟರಿಗೆ ಹೊಸ ಸಂದೇಶ ಮಾಡಿಕೊಟ್ಟಳು. ಸುತ್ತ ಬಳ್ಳಿಯ ಚೌಕಟ್ಟು, ನಡುವೆ ಆಯಾ ತಾರೀಖಿಗೆ ತಾನೇ ಮೂಡುವ ಒಂದೊಂದು ಮಾತು, ಒಟ್ಟು ಮೂವತ್ತೊಂದು ಸಾಲು. ತಲೆನೋವಿನ ಮಾತ್ರೆಗೆ ಬಂದ ಮೈದುನ ಅದನ್ನು ನೋಡಿ ಜೊಲ್ಲು ಸುರಿಸಿದ. ಒಂದು ನಿಮಿಷ ಎಂದು ಕೂತು, ಪೆನ್ ಡ್ರೈವಿಗೆ ಇಳಿಸಿಕೊಂಡ. ಫೈಲು ತೆರೆದು ಮೇಲಿನ ನಾಲ್ಕು ಸಾಲು ಮಾತ್ರ ಓದಿ, ನಂಬರು ಬದಲಿಸಿ, ಒಂದೇ ವಾರದಲ್ಲಿ ನಲವತ್ತು ಮನೆಗಳ ಕಂಪ್ಯೂಟರಿಗೆ ಹಾಕಿ ಬಂದ.

ಹದಿನಾಲ್ಕನೆಯ ತಾರೀಖು ಸಂಜೆ ಅಕ್ಕ ಔಷಧಿ ಅಂಗಡಿಗೆ ಹೋಗಿ, ಅಲ್ಲಿ ಮಾತ್ರ ಮುಂದಿನ ಸಾಲುಗಳನ್ನು ಬದಲಿಸಿದಳು.

ಮರುದಿನ ಬೆಳಿಗ್ಗೆ ನಲವತ್ತು ಪರದೆಗಳಲ್ಲೂ ಬಳ್ಳಿಯ ನಡುವೆ ಮೂಡಿತು: 'ಈ ಸಂದೇಶ ಅಕ್ಕನದು, ಕದ್ದು ತಂದವನು ಅವಳ ಮೈದುನ. ಕೊನೆಯವರೆಗೆ ಓದದವನ ಕೈಗೆ ಕಂಪ್ಯೂಟರ್ ಕೊಡಬೇಡಿ.' ಕೆಳಗೆ ಅವನದೇ ನಂಬರು. ಜನ ಅದಕ್ಕೇ ಫೋನ್ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಅವನು ಫೋನ್ ಆಫ್ ಮಾಡಿಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ.

"ನನ್ನ ಮಾನ ಹರಾಜು ಹಾಕಿದ್ರಿ ಅತ್ತಿಗೆ."

"ನಾನೆಲ್ಲಿ ಹಾಕ್ದೆ? ಮನೆಮನೆಗೂ ಹೊತ್ಕೊಂಡು ಹೋದವನು ನೀನು."

"ಈಗ ಏನ್ ಮಾಡ್ಲಿ?"

"ಅಳಿಸೋದು ನಿನಗೆ ಚೆನ್ನಾಗಿ ಬರುತ್ತಲ್ಲ. ನಲವತ್ತು ಮನೆಗೂ ಹೋಗಿ, ಅವರ ಎದುರಿಗೇ ಕೂತು ಅಳಿಸು. ನನ್ನ ಸಾಲು, ನನ್ನ ನಂಬರು ಮೊದಲಿದ್ದ ಹಾಗೆ ಹಾಕಿ ಬಾ."

ಅವನು ಅಲ್ಲೇ ಪೆನ್ ಡ್ರೈವ್ ಚುಚ್ಚಿ ತೆರೆದ. ಮೊದಲ ಬಾರಿಗೆ ಕೊನೆಯವರೆಗೂ ಓದಿದ. ಹದಿನಾರರಿಂದ ಮೂವತ್ತೊಂದರವರೆಗೂ ಅವನದೇ ಗುಣಗಾನ.

ಅಕ್ಕ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಬೇಗ ಹೊರಡು. ನಾಳೆದು ಇನ್ನೂ ಖಾರವಾಗಿದೆ."